ಅಡಿಟಿಪ್ಪಣಿ

ಸ್ವಾನ್‌ಸೀಯ ಜೈಲಿನಲ್ಲಿ, ಸಂಶೋಧನೆಯ ಮೊದಲ ವರ್ಷ,
ಕನ್ನಗಳ್ಳ ಎಮ್ರಿಸ್ ಹೇಳಿಕೊಟ್ಟಿದ್ದ:
"ಅಡುಗೆಮನೆ ಕಿಟಕಿ ಯಾವತ್ತೂ ಸೋಮಾರಿ, ಮೇಡಂ.
ಮೊದಲು ಚೀಲ ಒಳಗೆ ಎಸೆಯಬೇಕು,
ಆಮೇಲೆ ಹಿಂತಿರುಗುವ ಮಾತೇ ಇಲ್ಲ."

ಪ್ರಬಂಧದಲ್ಲಿ ಅದು ಅಡಿಟಿಪ್ಪಣಿಯಾಯಿತು,
ಎಮ್ರಿಸ್ ಹದಿನೇಳನೆಯ ಪ್ರಕರಣ.
ಪರೀಕ್ಷಕರು ಕೇಳಿದ್ದು ಕೋಷ್ಟಕಗಳ ಬಗ್ಗೆ.

ಮೂವತ್ತೊಂದು ವರ್ಷ. ರೀಡರ್, ಪ್ರೊಫೆಸರ್, ಸಮಿತಿ ಮೇಲೆ ಸಮಿತಿ;
ಅಪರಾಧ ಏರಿದಾಗಲೂ ಇಳಿದಾಗಲೂ
ರೇಡಿಯೊದವರು ಫೋನು ಮಾಡಿ ಯಾಕೆಂದರು.
ಪ್ರತಿಸಲವೂ ಒಂದು ಕಾರಣ ಸಿಕ್ಕಿತು.

ಇಂದು ಬೀಳ್ಕೊಡುಗೆ. ಕಚೇರಿಯ ಕೀಲಿ ಒಪ್ಪಿಸುವಾಗ
ಮನೆಯದೂ ಅದೇ ಗೊಂಚಲಲ್ಲಿ ಹೋಯಿತು.
ಕತ್ತಲು, ಸಮುದ್ರದ ಗಾಳಿ, ಕೈಯಲ್ಲಿ ಹೂಗುಚ್ಛ.
ಎಲುನೆಡ್ ಪ್ರಾಸರ್ ಹಿತ್ತಿಲಿಗೆ ಬಂದು
ಕಿಟಕಿಯ ಕೆಳತುದಿಗೆ ಅಂಗೈ ಒತ್ತಿದಳು.
ಹೌದು, ಸೋಮಾರಿ.
ಮೊದಲು ಹೂವು ಎಸೆದಳು.
ಪಕ್ಕದ ಮನೆಯ ಪರದೆ ಅಲುಗಿತು.