ಬೆರಳಿಟ್ಟ ಜಾಗ

ಆಕ್ಸಿಲೇಟರ್ ಮೇಲೆ ಕಾಲೇ ಇಲ್ಲ,
ಆದರೂ ಏರುತ್ತದೆ, ಇಳಿಯುತ್ತದೆ,
ಇನ್ನೇನು ಆಫಾಯಿತು ಅನ್ನುವಾಗ ಗುರ್ರೆಂದು
ಯಾರನ್ನೋ ಬೈಯಲು ಎದ್ದಂತೆ
ನನ್ನ ಓಮ್ನಿ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ
ಒಂದು ಫರ್ಲಾಂಗ್ ಇರುವಾಗ.

ಹಿಂದೆ ಮೂರು ಚೀಲ ರೇಷ್ಮೆಗೂಡು. ಹರಾಜು ಹತ್ತಕ್ಕೆ.

ಪ್ಲಗ್ಗು ಹೊಸದು. ಫಿಲ್ಟರ್ ಹೊಸದು.
ಹೋದ ಸೋಮವಾರ ಚಿಂತಾಮಣಿಯವನು
ಕಾರ್ಬೊರೇಟರ್ ತೊಳೆದು, ಸ್ಕ್ರೂ ತಿರುಗಿಸಿ ತಿರುಗಿಸಿ
ಎಂಟುನೂರು ತಗೊಂಡ.

ದಸ್ತಗೀರ್ ಸಾಬರು ಸ್ಪ್ಯಾನರ್ ಮುಟ್ಟಲಿಲ್ಲ.
ಸೀಟೆತ್ತಿ, ಕಣ್ಣು ಮುಚ್ಚಿ ನಿಂತರು,
ಬಾಣಂತಿ ಕೋಣೆಯ ಹೊರಗೆ ನಿಂತವರಂತೆ.
"ಎಲ್ಲೋ ಗಾಳಿ ಕದೀತಾ ಇದೆ."
ಪೆಟ್ರೋಲ್ ಡಬ್ಬ ದೂರ ಇಡಿಸಿ,
ಡ್ಯಾಶ್‌ಬೋರ್ಡಿನ ಗಣಪನ ಮುಂದಿನ ಊದುಬತ್ತಿ ಕಿತ್ತು
ಒಂದೊಂದೇ ಪೈಪಿನ ಬಳಿ ಹಿಡಿದರು.

ಹೊಗೆ ನೆಟ್ಟಗೆ.
ನೆಟ್ಟಗೆ.
ಒಂದು ಕಡೆ ಸೊಂಟ ಬಾಗಿಸಿ
ಒಳಗೆ ಹೋಯಿತು.

ರಬ್ಬರಿನಲ್ಲಿ ಉಗುರಿನ ಗೀರಷ್ಟು ಬಿರುಕು!

"ಇಲ್ಲಿ ಒತ್ಕೊಂಡಿರಿ ಮುನಿಲಕ್ಷ್ಮಮ್ಮೋರೆ,
ಪೈಪ್ ತರ್ತೀನಿ" ಅಂತ ಲೂನಾ ಹತ್ತಿದರು.

ಒತ್ತಿದೆ. ಥಟ್ಟನೆ ಮೆತ್ತಗಾಯಿತು ಇಂಜಿನ್ನು.
ಬಿಸಿ. ಬೆರಳ ತುದಿಯನ್ನು
ಎಳೆಗರು ಚೀಪಿದಂತೆ ಎಳೆಯುತ್ತಿದೆ.

ಮಾರ್ಕೆಟ್ಟಿನ ಗಂಟೆ ಹೊಡೆಯಿತು.
ನಾನು ಕೈ ತೆಗೆಯಲಿಲ್ಲ.