ಪಡಿಯಚ್ಚು

ಶಾಸನ ಓದಲಿಕ್ಕೆ ಮೊದಲು ನೀರು ಬೇಕು.
ಕಲ್ಲು ತೊಳೆಯಲಿಕ್ಕೆ ಒಂದು ಕೊಡ,
ಕಾಗದ ನೆನೆಸಲಿಕ್ಕೆ ಅರ್ಧ,
ಮಸಿ ಹದ ಮಾಡಲಿಕ್ಕೆ ಒಂದು ಲೋಟ.
ಪಾಲಾರಿನ ಪಾತ್ರದ ನಡುವೆ ನಿಂತು ಕೇಳಿದೆ,
ಇಲ್ಲೆಲ್ಲಿ ಸಿಗುತ್ತದೆ?
ನೀರುಗಂಟಿ ಪಿಳ್ಳಮ್ಮ ನಕ್ಕಳು.
ಐದು ರೂಪಾಯಿ ಬಿಲ್ಲೆ ನುಂಗುವ ಯಂತ್ರದಿಂದ
ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ
ಮೊಮ್ಮಗನ ಮೊಪೆಡ್ಡಿನಲ್ಲಿ ತರಿಸಿದಳು.

ಹಾಲಿನ ಹೊಳೆ ಅಂತ ಹೆಸರು.
ಇಟ್ಟವರು ಸುಳ್ಳರಿರಲಾರರು.
ನಾನು ಬರುವ ಹೊತ್ತಿಗೆ ಮರಳೂ ಮುಗಿದಿತ್ತು,
ಲಾರಿ ಬಿಟ್ಟುಹೋದ ಗುಂಡಿ, ಜಾಲಿ,
ಒಂದು ಒಂಟಿ ಚಪ್ಪಲಿ.

ಆದರೂ ಪಿಳ್ಳಮ್ಮ ಹೊಳೆಯ ಗುಂಟವೇ ನಡೆಸಿದಳು,
ಇದ್ದ ನೀರಿಗೆ ದಾರಿ ಬಿಟ್ಟವಳ ಹಾಗೆ ಅಂಚು ಹಿಡಿದು.
ಹೊಳೆಯನ್ನು ಈ ಸೀಮೆಯವರು ಹೊಳೆಯಾಗಿ ಬಿಟ್ಟೇ ಇರಲಿಲ್ಲ,
ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವ ಹಾಗೆ
ಕೆರೆಯಿಂದ ಕೆರೆಗೆ ದಾಟಿಸಿದ್ದರು.

ಇದು ಕೋಡಿ, ಅಂದಳು.
ನನ್ನ ಮದುವೆ ವರ್ಷ ಬಿದ್ದಿತ್ತು, ಕುರಿ ಕೊಯ್ದಿದ್ರು.
ಇವರು ಅಕ್ಕಯ್ಯಗಳು.
ಒಂದೇ ಚಪ್ಪಡಿಯಲ್ಲಿ ಏಳು ಜನ, ಮೂಗಿಲ್ಲ,
ಅರಿಸಿನ ಮಾತ್ರ ನಿನ್ನೆಯದು.
ಇವನು ಯಾರೋ, ದನ ಬಿಡಿಸೋಕೆ ಹೋಗಿ ಸತ್ತೋನು.
ದನ ಹೋಯಿತು, ಕದ್ದವರು ಹೋದರು, ಊರೇ ಜರುಗಿತು.
ಎತ್ತಿದ ಕತ್ತಿಯನ್ನು ಇಳಿಸು ಅಂತ
ಅವನಿಗೆ ಯಾರೂ ಹೇಳಿಲ್ಲ.

ಕೆರೆಯಂಗಳದ ನಡುವೆ ತೂಬಿನ ಎರಡು ಕಂಬ,
ಮೇಲೊಂದು ಅಡ್ಡತೊಲೆ.
ಬಾಗಿಲಿಗಾಗಿ ಕಾದು ಕಾದು
ಚೌಕಟ್ಟು ಮಾತ್ರ ನಿಂತ ಮನೆ.
ಮಾವ ಇಲ್ಲಿ ಮುಳುಗಿ ಗೂಟ ಕೀಳ್ತಿದ್ದ, ಆಮೇಲೆ ಗಂಡ.
ಅವನು ಹೋದ ಮೇಲೆ ನಾನು, ಎರಡೇ ಸಲ.
ಹೆಂಗಸು ಅಂದ್ರು. ನೀರೇನೂ ಅನ್ನಲಿಲ್ಲ.

ಕಾಗದ ಹಾಸಿದೆ. ಬ್ರಷ್ಷಿನಿಂದ ಬಡಿದೆ,
ಕೂಸಿನ ಬೆನ್ನು ತಟ್ಟುವಷ್ಟು.
ಮಸಿಯುಂಡೆ ಒತ್ತುತ್ತ ಹೋದಂತೆ
ಕಪ್ಪಿನೊಳಗಿಂದ ಬೆಳ್ಳಗೆ ಎದ್ದವು ಅಕ್ಷರ.
ಕೆರೆ ಕಾಯುವವನಿಗೆ ಕಟ್ಟುಗೊಡಗೆ,
ಎರಡು ಕೊಳಗ ಗದ್ದೆ, ತೂಬಿನ ಮೊದಲಲ್ಲಿ.
ಇದಕ್ಕೆ ತಪ್ಪಿದವರು ಕವಿಲೆಯ ಕೊಂದ ಪಾಪಕ್ಕೆ ಹೋಗುವರು.

ಕಾಯೋನ ಹೆಸರು ಐತಾ? ಕೇಳಿದಳು.
ಇತ್ತು.
ಸರಿಯಾಗಿ ಅಲ್ಲೇ ಚಕ್ಕೆ ಎದ್ದಿದೆ.
ಹಿಂದೊಂದು ತುಂಡು, ಮುಂದೆ ‘ನ ಮಗ’,
ನಡುವೆ ಹೆಬ್ಬೆರಳಿನಷ್ಟು ಏನೂ ಇಲ್ಲ.
ಅವಳ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂತಿತು.

ಮುಂದಿನ ತಿಂಗಳು ಪೈಪಿನಲ್ಲಿ ನೀರು ಬತ್ತದಂತೆ ಸಾಮಿ,
ಬೆಂಗಳೂರು ಮೈ ತೊಳಕೊಂಡಿದ್ದು.
ಎರಡು ಸಲ ಸೋಸ್ತಾರಂತೆ. ಕುಡಿಯಂಗಿಲ್ಲ.
ಬಿಟ್ಟೋರಿಗೆ ಪುಣ್ಯವಾ ಪಾಪವಾ, ನಿಮ್ಮ ಕಲ್ಲು ಏನಂತದೆ?
ಕಲ್ಲು ಅಲ್ಲಿಗೆ ಮುಗಿದಿತ್ತು.

ಕಚೇರಿಯಲ್ಲಿ ಒಂದಕ್ಷರ ಕಾಡಿತು.
‘ಯ’ವೋ, ‘ಮ’ವೋ, ಇಲ್ಲ ಉಳಿಯ ಜಾರುಗೀರೋ.
ಮತ್ತೆ ಬಂದರೆ
ಕೆರೆ ತುಂಬಿದೆ.
ಇಷ್ಟು ವರ್ಷ ಎಲ್ಲಿದ್ದವೋ, ಬೆಳ್ಳಕ್ಕಿ.
ದಡದಲ್ಲಿ ಸೋಪಿನ ನೊರೆಯಂಥದ್ದು.
ಅಡ್ಡತೊಲೆಯ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತ
ಕೂತಿದೆ, ಪಟ್ಟೆ ಬರೆಸಿಕೊಂಡವನ ಠೀವಿಯಲ್ಲಿ.
ನನ್ನ ಅಕ್ಷರ ಎರಡಾಳು ಕೆಳಗೆ.

ಬೇಡ ಅನ್ನುವಷ್ಟರಲ್ಲಿ ಸೀರೆ ಕಚ್ಚೆ ಕಟ್ಟಿ ಇಳಿದಳು.
ಅರವತ್ತೆರಡು ವಯಸ್ಸು. ಓದು ಬಾರದು.
ನೀರು ಮುಚ್ಚಿಕೊಂಡಿತು.
ನಾನು ಎಣಿಸಿದೆ, ಮೂವತ್ತು, ನಲವತ್ತು,
ನೀರುಕಾಗೆ ಹಾರಿತು, ಐವತ್ತು.

ಎದ್ದು ಬಂದವಳು ಮೊದಲು ಉಗಿದಳು.
ಏರಿಯ ಹಸಿಮಣ್ಣಲ್ಲಿ ಕೂತು
ಬೆರಳಿಗೆ ತಿಳಿದದ್ದನ್ನು ಬರೆದಳು,
ಒಂದು ಕೊಕ್ಕೆ, ಒಂದು ಸುತ್ತು, ಕೆಳಗೊಂದು ಬಾಲ.
ಅದು ‘ಯ’ ಅಲ್ಲ, ‘ಮ’ ಅಲ್ಲ,
ಯಾವ ರಾಜನ ಕಾಲದಲ್ಲೂ ನಾನು ಕಂಡದ್ದಲ್ಲ.
ಇಷ್ಟೇ ಐತೆ, ಅಂದಳು, ಕೂದಲು ಹಿಂಡುತ್ತ.

ಮಣ್ಣು ಬಿರಿಯುವ ಮೊದಲು
ಅದರ ಮೇಲೂ ಒಂದು ಕಾಗದ ಹಾಸಿದೆ.
ಬಡಿಯಲಿಲ್ಲ, ಮಸಿ ಹಚ್ಚಲಿಲ್ಲ.
ನೆನೆಸಲಿಕ್ಕೆ ಈ ಸಲ
ಯಂತ್ರಕ್ಕೆ ಬಿಲ್ಲೆ ಹಾಕಬೇಕಾಗಲಿಲ್ಲ.