ನೆಲದಡಿಯ ಎರಡನೇ ಅಂತಸ್ತು

ಇವತ್ತೊಂದು ದಿನ ಎದೆಗೆ ಹೆಸರು ಸಿಕ್ಕಿಸಿಕೊಳ್ಳಬೇಕಂತೆ.
ಊರ್ವೆ, ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟರು.
ಇಪ್ಪತ್ತೇಳು ವರ್ಷ ಇಲ್ಲಿ
ಹೆಸರಿದ್ದದ್ದು ಪುಸ್ತಕಗಳ ಬೆನ್ನಿಗೆ ಮಾತ್ರ.

ತಾಲಿನ್ನಿನಲ್ಲಿ ನವೆಂಬರ್. ಮೂರೂವರೆಗೇ ದೀಪ.
ಮೇಲೆ ಸುಣ್ಣಕಲ್ಲಿನ ಗೋಡೆಯ ದೊಡ್ಡ ಬಾಗಿಲು ಹಾರುಹೊಡೆದಿದೆ,
ಕಾರ್ಡಿಲ್ಲದವರೂ ಒಳಗೆ, ಚಳಿಗೆ ಬಂದವರೂ ಒಳಗೆ,
ಪುಕ್ಕಟೆ ಕಾಫಿಗೆ ಬಂದವರಂತೂ ಎಲ್ಲರಿಗಿಂತ ಮೊದಲು.
ಇಪ್ಪತ್ತಿಪ್ಪತ್ತು ಜನರ ಗುಂಪು ಮಾಡಿ
ನನ್ನ ಪಾತಾಳಕ್ಕೆ ಇಳಿಸುತ್ತಾರೆ.

ಕಲಿತಿಟ್ಟ ಭಾಷಣ ಯಾರಿಗೂ ಬೇಡ.
ಕಪಾಟುಗಳನ್ನು ಸಾಲಾಗಿ ಇಟ್ಟರೆ ಎಷ್ಟು ಹರದಾರಿ,
ಗಾಳಿಯಲ್ಲಿ ತೇವ ಎಷ್ಟಿರಬೇಕು, ಬೆಂಕಿ ಬಿದ್ದರೆ ಏನು ಗತಿ,
ಎಲ್ಲ ಬಾಯಿಪಾಠವಾಗಿತ್ತು.
ಅವರು ಕೇಳುವುದು: ಇಲಿ ಇದೆಯಾ?
ಎಲ್ಲಾ ಓದಿದ್ದೀರಾ?
ಬಿಸಿಲೇ ಕಾಣದೆ ಹೇಗಿರುತ್ತೀರಿ?

ಹಾಲುಹಲ್ಲು ಬಿದ್ದ ಹುಡುಗನೊಬ್ಬ
ಪುಸ್ತಕದ ಲಿಫ್ಟಿನೊಳಗೆ ಮಂಡಿ ಮಡಚಿ ಕೂತು
ನನ್ನನ್ನೂ ಮೇಲಕ್ಕೆ ಕಳಿಸಿ ಅಂತ ಹಟ.
ಚೀಟಿ ಇಲ್ಲದೆ ಏನೂ ಹೋಗೋದಿಲ್ಲ ಮರಿ, ಅಂದೆ.
ಬರೆದೇಬಿಟ್ಟ.
ಹೆಸರು: ತನೆಲ್. ಬರೆದವರು: ಅಮ್ಮ. ಪುಟ: ಏಳು.
ಕಾಯಿದೆಯ ಪ್ರಕಾರ ಕೊಡಲೇಬೇಕಾಯಿತು;
ಅರ್ಧ ಗೇಣು ಏರಿಸಿ ಇಳಿಸಿದೆ.

ನನಗೆ ಜನ ಗೊತ್ತಿರುವುದು ಕೈಬರಹದಿಂದ.
ಮುಖ ಮೇಲಿನವರ ಪಾಲು, ಕೆಳಗೆ ಬರುವುದು ಚೀಟಿ.
ಆತುರದವರ ಏಳು ಮುಂದಕ್ಕೆ ಮುಗ್ಗರಿಸುತ್ತದೆ,
ಪರೀಕ್ಷೆ ಹತ್ತಿರವಾದಷ್ಟೂ ಕಾಗೆಕಾಲು ಗುಬ್ಬಿಕಾಲು.
ಈಗ ಬಹುಪಾಲು ಕಂಪ್ಯೂಟರಿನಲ್ಲೇ, ಎಲ್ಲರ ಕೈಯೂ ಒಂದೇ.
ಒಬ್ಬಾತ ಮಾತ್ರ ಇನ್ನೂ ಪೆನ್ಸಿಲ್.
ವರ್ಷಕ್ಕೊಮ್ಮೆ, ಮೊದಲ ಹಿಮದ ಆಸುಪಾಸು,
ಅದೇ ಒಂದು ಪುಸ್ತಕ:
ಯುದ್ಧಕ್ಕೆ ಮುಂಚಿನ ಟೆಲಿಫೋನ್ ಡೈರೆಕ್ಟರಿ.
ಅರ್ಧ ಗಂಟೆಗೆ ವಾಪಸ್ಸು.
ನಮ್ಮ ಭಾಷೆ ಒಂದು ಅಕ್ಷರದ ನೆತ್ತಿಗೆ ಅಲೆಗೀಟು ಹಾಕುತ್ತದೆ;
ಆತನದು ರೆಕ್ಕೆ ಉಳುಕಿದ ನೀರ್ಹಕ್ಕಿಯ ಹಾಗೆ
ಸದಾ ಎಡಕ್ಕೆ ವಾಲಿರುತ್ತದೆ.

ಮೂರನೇ ಗುಂಪು ಹೊರಡುವ ಹೊತ್ತು.
ಬಂದುಹೋದವರ ಪುಸ್ತಕಕ್ಕೆ ಸಹಿ ನಡೆಯುತ್ತಿತ್ತು.
ಕಂದು ಟೋಪಿಯ ಮುದುಕ, ಹೆಬ್ಬೆರಳಿಗೆ ಬ್ಯಾಂಡೇಜು,
ಕೊಟ್ಟ ಪೆನ್ನು ಬೇಡವೆಂದು
ಜೇಬಿನಿಂದ ಮೋಟು ಪೆನ್ಸಿಲ್ ತೆಗೆದ.
ವಾಂಬೋಲಾ ಪೊಲ್ಡ್‌ಮಾ, ಎಂದು ಬರೆದ.
ವಾಲಿತು ಹಕ್ಕಿ, ಎಡಕ್ಕೆ.

ನನ್ನ ಬಾಯಿಂದ ತಂತಾನೇ ಬಂದದ್ದು
ಡೈರೆಕ್ಟರಿಯ ಕಪಾಟಿನ ಸಂಖ್ಯೆ.
ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆರೆದಂತೆ
ತಲೆಯೆತ್ತಿದ.
ಓ, ನೀವಾ ಕಳಿಸೋದು?
ನಾನೇ.

ನಮ್ಮಮ್ಮನ ಬೇಕರಿಯ ನಂಬರು, ಅಂದ.
ನಾಲ್ಕೇ ಅಂಕಿ. ಮರೆತುಹೋಗುತ್ತೆ.
ಬರೆದಿಟ್ಟುಕೊಳ್ಳಬಾರದೇ, ಅಂದೆ,
ಅಂದು ನಾಲಿಗೆ ಕಚ್ಚಿಕೊಂಡೆ.
ಆತನಿಗೇನೂ ಬೇಜಾರಾಗಲಿಲ್ಲ.
ಮನೆಯಲ್ಲಿ ಬರೆದಿಟ್ಟದ್ದೆಲ್ಲ ಒಂದು ರಾತ್ರಿ ಒಲೆಗೆ ಹೋಯ್ತು, ಅಂದ.
ಹಾಕಿದವರು ನಾವೇ.
ಆಮೇಲೆ, ಮೇಲೆ ಕಾಫಿ ಇನ್ನೂ ಇದೆಯಾ?

ಇತ್ತೋ ಇಲ್ಲವೋ.
ಕಂಬಿ ಹಿಡಿದು, ಮೆಟ್ಟಿಲಿಗೊಂದು ಉಸಿರು, ಹತ್ತಿಹೋದ.

ಆರಕ್ಕೆ ಬಾಗಿಲು ಹಾಕಿದರು.
ಉಳಿದದ್ದು ಒಂಟಿ ಕೈಗವಸು, ತನೆಲ್‌ನ ಚೀಟಿ,
ಭೂಗೋಳದ ಸಾಲಿಗೆ ಅಂಟಿಸಿದ ಚ್ಯೂಯಿಂಗ್ ಗಮ್.
ಡೈರೆಕ್ಟರಿ ತೆಗೆದೆ. ರೊಟ್ಟಿಯಂಗಡಿಗಳ ಪುಟ
ಕಾದಿದ್ದಂತೆ ತೆರೆದುಕೊಂಡಿತು.
ಹನ್ನೊಂದು ಬೇಕರಿ.
ಯಾವುದರ ಕೆಳಗೂ ಗೀಟಿಲ್ಲ, ಚುಕ್ಕೆಯಿಲ್ಲ. ಶಿಸ್ತಿನ ಮನುಷ್ಯ.
ಹನ್ನೊಂದು ನಂಬರನ್ನೂ ಒಂದೊಂದಾಗಿ
ಗಟ್ಟಿಯಾಗಿ ಓದಿದೆ.
ಓದುತ್ತಿದ್ದವಳ ಎದೆಯ ಮೇಲೆ ಇನ್ನೂ ಊರ್ವೆ ಎಂದಿತ್ತು.

ದೀಪ ಆರಿಸುವ ಮೊದಲು
ಆ ಚ್ಯೂಯಿಂಗ್ ಗಮ್ ಕೆರೆಯಬೇಕಿತ್ತು.
ಕೆರೆದೆ.